ತುದಿಯಲ್ಲಿ ಸೊನ್ನೆ

ಬೆಟ್ಟವನ್ನು ಎರಡೂ ಕಡೆಯಿಂದ ಕೊರೆಯುತ್ತಿದ್ದರು. ಪೂರ್ವಕ್ಕೆ ಒಬ್ಬ ಗುತ್ತಿಗೆದಾರ, ಪಶ್ಚಿಮಕ್ಕೆ ಇನ್ನೊಬ್ಬ. ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ. ಒಬ್ಬರ ಕೆಲಸದ ರೀತಿ ಇನ್ನೊಬ್ಬರಿಗೆ ಗೊತ್ತಿರಲಿಲ್ಲ, ಗೊತ್ತುಮಾಡಿಕೊಳ್ಳುವ ಉಮೇದೂ ಇರಲಿಲ್ಲ. ನಡುವೆ ಮುನ್ನೂರು ಮೀಟರ್ ಬಂಡೆ ಉಳಿದಾಗ ಮೇಲಿನವರಿಗೆ ಜ್ಞಾನೋದಯವಾಗಿ, ಎರಡೂ ಸುರಂಗಗಳ ಗಾಳಿಯನ್ನು ಪೂರ್ವದ ಕಂಟ್ರೋಲ್ ರೂಮಿನಿಂದಲೇ ನೋಡಬೇಕೆಂದು ಹುಕುಂ ಮಾಡಿದರು. ಕೆಲಸ ವೈರಕ್ಕನ ಕುತ್ತಿಗೆಗೆ ಬಂತು.

ನೆಟ್‌ವರ್ಕ್ ನೋಡಿಕೊಳ್ಳುವ ಹೆಂಗಸು ಅವಳೊಬ್ಬಳೇ ಆದ್ದರಿಂದ ಎಲ್ಲರ ಬಾಯಲ್ಲೂ ವೈರಕ್ಕ. ಅವಳ ತಮ್ಮ ಪಶ್ಚಿಮ ಸುರಂಗದ ತುದಿಯಲ್ಲಿ ಡ್ರಿಲ್ಲು ಹಿಡಿಯುತ್ತಿದ್ದ. ಅಮ್ಮ ಹೋದಾಗ ಅವನಿಗೆ ಐದು ವರ್ಷ. ಅವನನ್ನು ಸಾಕಿದ್ದು, ಬೈದು ಓದಿಸಿದ್ದು, ಓದು ಹತ್ತದಿದ್ದಾಗ ಆ ಕಡೆಯ ಮೇಸ್ತ್ರಿಯ ಕೈಕಾಲು ಹಿಡಿದು ಈ ಕೆಲಸ ಕೊಡಿಸಿದ್ದು, ಎಲ್ಲ ಅವಳೇ. ಹಾಗಾಗಿ ಈ ಕೆಲಸವನ್ನು ಅವಳು ಕಾಟಾಚಾರಕ್ಕೆ ಮಾಡಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಆಮೇಲೆ ಜನ ಬಾಯಿಗೆ ಬಂದದ್ದನ್ನು ಆಡಿದರು.

ತೊಡಕು ಇದ್ದದ್ದು ಇಷ್ಟೇ. ಇಬ್ಬರು ಗುತ್ತಿಗೆದಾರರೂ ತಮ್ಮ ತಮ್ಮ ನೆಟ್‌ವರ್ಕಿನಲ್ಲಿ ಒಂದೇ ಥರದ ವಿಳಾಸಗಳನ್ನು ಕೊಟ್ಟುಕೊಂಡಿದ್ದರು. ಅಲ್ಲಿಯೂ ಹನ್ನೊಂದು, ಇಲ್ಲಿಯೂ ಹನ್ನೊಂದು; ಎರಡು ಬೀದಿಗಳಲ್ಲಿ ಒಂದೇ ಮನೆ ನಂಬರಿದ್ದ ಹಾಗೆ. ಎರಡನ್ನೂ ನೇರವಾಗಿ ಜೋಡಿಸಿದರೆ ಯಾರ ಮಾತು ಯಾರಿಗೆ ಹೋಗುತ್ತದೋ ದೇವರೇ ಬಲ್ಲ. ಅದಕ್ಕೆ ಅವಳು ನಡುವಿನ ರೂಟರ್‌ನಲ್ಲಿ ಎಂಟು ಸಾಲು ಬರೆದಳು: ಪಶ್ಚಿಮದ ಹನ್ನೊಂದು ಪೂರ್ವದವರ ಕಣ್ಣಿಗೆ ನೂರ ಹನ್ನೊಂದು, ಹನ್ನೆರಡು ನೂರ ಹನ್ನೆರಡು, ಹೀಗೆ ಹದಿನೆಂಟರವರೆಗೆ. ಒಂದಕ್ಕೆ ಒಂದು, ಯಾವತ್ತೂ ಕದಲದ ಜೋಡಿಗಳು.

ಅಲ್ಲಿದ್ದದ್ದು ವಾಸನೆಯಿಲ್ಲದ ವಿಷಗಾಳಿಯನ್ನು ಅಳೆಯುವ ಎಂಟು ಮೀಟರುಗಳು. ಬಂಡೆ ಸಿಡಿಸಿದ ಮೇಲೆ ಉಳಿಯುವ ವಿಷ, ಲಾರಿಯ ಹೊಗೆಯಲ್ಲಿಯೂ ಇರುವ ವಿಷ. ಸುರಂಗದ ಬಾಯಿಯಿಂದ ಹಿಡಿದು ತುದಿಯವರೆಗೆ ನೂರು ಮೀಟರಿಗೊಂದರಂತೆ ಕೊಕ್ಕೆಗೆ ನೇತುಹಾಕಿದ್ದರು. ಅವು ತಾವಾಗಿ ಕೂಗುವುದಿಲ್ಲ, ಅಂಕಿ ಕಳಿಸುತ್ತವೆ ಅಷ್ಟೆ. ಕೂಗುವುದು ಕಂಟ್ರೋಲ್ ರೂಮಿನ ಗಂಟೆ. ವೈರಕ್ಕ ಟಾರ್ಚು ಹಿಡಿದು ಎಂಟನ್ನೂ ಕಣ್ಣಾರೆ ನೋಡಿ ಬಂದು, ಹನ್ನೊಂದರ ಮೀಟರಿಗೆ ಪರದೆಯಲ್ಲಿ ‘ಬಾಯಿ’ ಎಂದೂ ಹದಿನೆಂಟರದಕ್ಕೆ ‘ತುದಿ’ ಎಂದೂ ಹೆಸರಿಟ್ಟಳು. ಅವತ್ತಿನ ಮಟ್ಟಿಗೆ ಎಲ್ಲವೂ ಕೂದಲೆಳೆಯಷ್ಟೂ ತಪ್ಪಿಲ್ಲದೆ ಸರಿಯಿತ್ತು. ಅಲ್ಲಿಯವರೆಗೆ ಪಾಳಿಗೆ ಮುಂಚೆ ಕೈಮೀಟರು ಹಿಡಿದು ಒಳಗೆ ಹೋಗಿ ಗಾಳಿ ನೋಡುತ್ತಿದ್ದ ಮೇಸ್ತ್ರಿ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ. ಪರದೆಯೇ ನೋಡುವಾಗ ತಾನೇಕೆ ನೋಡಲಿ ಎಂದು ಅವನ ವಾದ.

ಪರದೆಯ ಮುಂದೆ ಕೂರುತ್ತಿದ್ದವನು ಮ್ಯಾನೇಜರರ ಮಗಳ ಗಂಡ. ಎಲ್ಲರೂ ಅವನನ್ನು ಅಳಿಯಂದಿರು ಎಂದೇ ಕರೆಯುತ್ತಿದ್ದರು, ಅವನೆದುರಿಗೂ. ಕೆಲಸ ಶುರುವಾದ ಎರಡನೆಯ ವಾರ ಅವನು ವೈರಕ್ಕನಿಗೆ ಫೋನು ಮಾಡಿ, ಬಾಯಿಯ ಮೀಟರು ಸುಮ್ಮಸುಮ್ಮನೆ ಗಂಟೆ ಬಾರಿಸುತ್ತಿದೆ, ತಲೆ ಚಿಟ್ಟುಹಿಡಿದಿದೆ ಎಂದು ಗೋಳಾಡಿದ. ತುದಿ ಹೇಗಿದೆ ಎಂದು ಅವಳು ಕೇಳಿದಳು. ಸೊನ್ನೆ ಎಂದ. ಬಾಯಿಯ ಹತ್ತಿರ ಲಾರಿಗಳು ಎಂಜಿನ್ ಚಾಲೂ ಇಟ್ಟುಕೊಂಡೇ ನಿಲ್ಲುವುದನ್ನು ಅವಳೇ ನೋಡಿದ್ದಳು. ಅದರದೇ ಹೊಗೆ ಎಂದುಕೊಂಡು ಕೂತಲ್ಲಿಂದಲೇ ಬಾಯಿಯ ಮೀಟರಿಗೆ ಗಂಟೆ ಹೊಡೆಯುವ ಮಿತಿಯನ್ನು ಮೂರು ಪಟ್ಟು ಏರಿಸಿದಳು. ಗಂಟೆ ನಿಂತಿತು. ಅಳಿಯಂದಿರು ಥ್ಯಾಂಕ್ಸ್ ಹೇಳಿದರು.

ಅದೇ ವಾರ ತಮ್ಮನಿಗೆ ತಲೆನೋವು ಹತ್ತಿಕೊಂಡಿತು. ಊಟದ ಮುಂದೆ ಕೂತು ತಟ್ಟೆಯನ್ನೇ ನೋಡುತ್ತಿದ್ದ. ಫೋನಿನಲ್ಲಿ ಮುಖ ಹುದುಗಿಸಿಕೊಂಡಿದ್ದರೆ ಇನ್ನೇನಾಗುತ್ತೆ ಎಂದು ಅವಳು ಗದರಿದಳು. ತನ್ನೊಬ್ಬನಿಗೇ ಅಲ್ಲ, ಗ್ಯಾಂಗಿನ ಆರೂ ಜನಕ್ಕೆ ಹಾಗೇ ಆಗುತ್ತಿದೆ, ಮೇಸ್ತ್ರಿ ಮಾತ್ರೆ ಹಂಚುತ್ತಿದ್ದಾನೆ ಎಂದು ಅವನು ನಕ್ಕ. ಆ ಮಾತು ಅವಳ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಹೋಗಬೇಕಿತ್ತು.

ಮರುವಾರ ಒಂದು ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಅಳಿಯಂದಿರ ಫೋನು ಮತ್ತೆ ಬಂತು. ಈ ಸಲ ಗೋಳಾಟವಿರಲಿಲ್ಲ.

“ಅಕ್ಕಾ, ಗಂಟೆಯೇನೂ ಹೊಡೀತಿಲ್ಲ. ಆದ್ರೂ ಹೇಳೋಣ ಅನ್ನಿಸ್ತು. ಬಾಯಿ ಮೀಟರು ಬೆಳಗ್ಗೆಯಿಂದ ಏರ್ತಾನೇ ಇದೆ.”

“ಲಾರಿ ಎಷ್ಟು ನಿಂತಿವೆ?”

“ಅದೇ ಅಕ್ಕಾ. ರಸ್ತೆ ರಿಪೇರಿ ಅಂತ ಇವತ್ತು ಒಂದು ಲಾರಿನೂ ಬಂದಿಲ್ಲ.”

ವೈರಕ್ಕ ಫೋನಿಟ್ಟಳು. ಜೀಪು ಹತ್ತಿ ಬೆಟ್ಟ ಸುತ್ತಿಕೊಂಡು ಪಶ್ಚಿಮದ ಬಾಯಿಗೆ ಬಂದಳು. ಅಂಗಳ ಖಾಲಿಯಿತ್ತು. ಮೇಸ್ತ್ರಿ ಶೆಡ್ಡಿನ ನೆರಳಲ್ಲಿ ಕೂತು ಹಾಜರಿ ಬರೆಯುತ್ತಿದ್ದ. ಅವಳು ಸುರಂಗದ ಬಾಯಿಯೊಳಗೆ ಹತ್ತು ಹೆಜ್ಜೆ ಹೋಗಿ ಟಾರ್ಚು ಮೇಲಕ್ಕೆತ್ತಿದಳು. ಕೊಕ್ಕೆ ಮಾತ್ರ ಇತ್ತು, ಮೀಟರು ಇರಲಿಲ್ಲ.

ಹಾಗಾದರೆ ಇಷ್ಟು ದಿನ ಬಾಯಿ ಎಂಬ ಹೆಸರಲ್ಲಿ ಉತ್ತರ ಕೊಡುತ್ತಿದ್ದದ್ದು ಎಲ್ಲಿಂದ? ಹಿಂದೆ ಬಂದು ನಿಂತಿದ್ದ ಮೇಸ್ತ್ರಿಯನ್ನು ಕೇಳಿದಳು.

“ಅದಾ? ಮುಂದೆ ಹೋಯ್ತಲ್ಲ,” ಎಂದ ಅವನು, ಮಳೆ ಬಂತು ಎನ್ನುವಷ್ಟು ಸಲೀಸಾಗಿ. “ನಮಗೆ ಕೊಟ್ಟಿರೋದೇ ಎಂಟು. ಅವು ಮುಗಿದ ಮೇಲೆ ನೂರು ಮೀಟರ್ ಮುಂದೆ ಹೋದಾಗೆಲ್ಲ ಎಲ್ಲಕ್ಕಿಂತ ಹಿಂದಿಂದು ಬಿಚ್ಕೊಂಡು ತುದಿಗೆ ಹಾಕ್ತೀವಿ. ಎಲ್ಲಾ ಸುರಂಗದಲ್ಲೂ ಹಾಗೇ.”

“ಯಾವಾಗ ಬಿಚ್ಚಿದ್ರಿ?”

“ಹತ್ತು ಹನ್ನೆರಡು ದಿನ ಆಯ್ತು. ಯಾಕೆ, ಮೀಟರು ಮೀಟರೇ ಅಲ್ವಾ?”

ಮೀಟರು ಮೀಟರೇ. ಆದರೆ ವಿಳಾಸ ಇದ್ದದ್ದು ಕೊಕ್ಕೆಗಲ್ಲ, ಮೀಟರಿನ ಹೊಟ್ಟೆಯೊಳಗೆ. ಹನ್ನೊಂದು ಎದ್ದು ಹೋಗಿ ತುದಿಯಲ್ಲಿ ಕೂತಿತ್ತು. ಅವಳ ಎಂಟು ಸಾಲುಗಳು ಮಾತ್ರ ಕದಲದೆ ಅದನ್ನು ಬಾಯಿ ಎನ್ನುತ್ತಲೇ ಇದ್ದವು. ತುದಿ ಎನಿಸಿಕೊಂಡ ಹದಿನೆಂಟು ನೂರು ಮೀಟರ್ ಹಿಂದೆ ಉಳಿದಿತ್ತು. ಫ್ಯಾನಿನ ಗಾಳಿ ತರುವ ದೊಡ್ಡ ಪೈಪು ಬಂದು ಮುಗಿಯುತ್ತಿದ್ದದ್ದು ಅಲ್ಲೇ, ಅದರ ಮಗ್ಗುಲಲ್ಲೇ. ಪೈಪನ್ನು ಇನ್ನೂ ಮುಂದಕ್ಕೆ ಎಳೆದಿರಲಿಲ್ಲ. ಆ ಹೊಸ ಗಾಳಿಯನ್ನು ಕುಡಿದುಕೊಂಡು ಅದು ಸೊನ್ನೆ ಎನ್ನುತ್ತಿತ್ತು. ನಿಜವಾಗಿ ಕೂಗಿಕೊಂಡ ಮೀಟರಿನ ಬಾಯಿಯನ್ನು ಅವಳೇ ತನ್ನ ಕೈಯಾರೆ ಕಟ್ಟಿದ್ದಳು.

ಅವಳಿಗೆ ಇಷ್ಟನ್ನೂ ಬಿಡಿಸಿ ಹೇಳುವ ವ್ಯವಧಾನ ಇರಲಿಲ್ಲ. ಎಲ್ಲರನ್ನೂ ಈಗಲೇ ಹೊರಗೆ ಕರೆಸಿ ಎಂದಳು. ಅವಳ ಮುಖ ನೋಡಿ ಮೇಸ್ತ್ರಿ ಮರುಮಾತಾಡದೆ ಸೈರನ್ನಿನ ಹಿಡಿಯನ್ನು ಎಳೆದ. ಅವಳು ಒಳಗೆ ನುಗ್ಗಲು ಹೋದಾಗ ತೋಳು ಹಿಡಿದು ನಿಲ್ಲಿಸಿ, ಆಕ್ಸಿಜನ್ ಸಿಲಿಂಡರ್ ಬೆನ್ನಿಗೆ ಹಾಕಿಕೊಂಡ ಇಬ್ಬರನ್ನು ಕಳಿಸಿದ.

ಇಪ್ಪತ್ತು ನಿಮಿಷದ ಮೇಲೆ ನಾಲ್ವರು ಒಬ್ಬರ ಹೆಗಲು ಒಬ್ಬರು ಹಿಡಿದು ತೂರಾಡುತ್ತ ಬಂದರು. ಐದನೆಯವನನ್ನು ಹೊತ್ತು ತಂದರು, ಅವನು ಕೆಮ್ಮುತ್ತಿದ್ದ. ತಮ್ಮನನ್ನು ತಂದದ್ದು ಕೊನೆಗೆ. ಎಲ್ಲರಿಗಿಂತ ಮುಂದೆ, ಬಂಡೆಗೆ ಮುಖ ಕೊಟ್ಟು ನಿಲ್ಲುತ್ತಿದ್ದವನು ಅವನೇ. ಕೆನ್ನೆ ಕೆಂಪಗಿತ್ತು, ಚಿಕ್ಕವನಿದ್ದಾಗ ಬಿಸಿಲಲ್ಲಿ ಆಡಿ ಬಂದಾಗ ಇರುತ್ತಿದ್ದ ಹಾಗೆ. ಅದನ್ನು ನೋಡಿ ಅವಳಿಗೆ ಒಂದು ಗಳಿಗೆ ಆಸೆಯೂ ಹುಟ್ಟಿತು. ಅಷ್ಟರಲ್ಲಿ ಬಂದಿದ್ದ ಆಂಬುಲೆನ್ಸಿನವನು ಮೂಗಿಗೆ ಮಾಸ್ಕು ಹಿಡಿದು, ಎದೆ ಒತ್ತಿ, ಒತ್ತಿ, ಬಹಳ ಹೊತ್ತಾದ ಮೇಲೆ ಕೈ ತೆಗೆದ. ಆಮೇಲೆ ಯಾರ ಮುಖವನ್ನೂ ನೋಡದೆ ಮಾಸ್ಕಿನ ಕೊಳವೆ ಸುತ್ತತೊಡಗಿದ.

ನೆಲದ ಮೇಲೆ ಕೂತಿದ್ದವರಲ್ಲಿ ಒಬ್ಬ, ತಮ್ಮನ ಜೊತೆಗೆ ಡ್ರಿಲ್ಲು ಹಿಡಿಯುವವನು, ತಡೆತಡೆದು ಮಾತಾಡಿದ. ಅವಳು ಯಾರೆಂದು ಅವನಿಗೆ ಗೊತ್ತಿರಲಿಲ್ಲ.

“ಬೆಳಗ್ಗೆ ಒಂಬತ್ತಕ್ಕೇ ಹೊರಗೆ ಬಂದುಬಿಡೋಣ ಅಂದ್ವಿ. ಕಣ್ಣು ಕತ್ತಲೆ ಬರ್ತಿತ್ತು ಎಲ್ರಿಗೂ. ಕಂಟ್ರೋಲ್ ರೂಮಿಗೆ ಫೋನ್ ಹಾಕಿದ್ವಿ, ತುದೀಲಿ ಸೊನ್ನೆ ಅಂದ್ರು. ಆದ್ರೂ ನಾವು ಹೊರಟಿದ್ವಿ. ಇವನೇ ನಮ್ಮನ್ನ ತಡೆದ. ಆ ಮೀಟರಿಗೆಲ್ಲ ನಂಬರ್ ಹಾಕಿರೋಳು ನಮ್ಮಕ್ಕ, ಅವಳು ಸೊನ್ನೆ ಅಂದ್ರೆ ಸೊನ್ನೆ ಅಂದ.”

ವೈರಕ್ಕ ತಮ್ಮನ ಪಕ್ಕದಲ್ಲಿ ಕೂತು, ಅವನ ಕೂದಲಲ್ಲಿ ಕೂತಿದ್ದ ಕಲ್ಲಿನ ಪುಡಿಯನ್ನು ಬೆರಳಿನಿಂದ ತೆಗೆಯುತ್ತಿದ್ದಳು. ಆ ಅಕ್ಕ ನಾನೇ ಎಂದು ಮಾತಾಡಿದವನಿಗೆ ಹೇಳಿದಳು.