ಪುಷ್ಯಕ್ಕೆ ಮುಂಚೆ ಹಾಡದ ಜೈವಲ್ಲಭ ಉಪ್ರೇತಿ

ಲೋಕದ ಜನ ಸಿಟ್ಟು ಬಂದಾಗ ಕೊರಳಪಟ್ಟಿ ಸಡಿಲಿಸಿ ತೋಳು ಮಡಚುತ್ತಾರೆ. ಜೈವಲ್ಲಭ ಉಪ್ರೇತಿಯವರು ಕೋಟಿನ ಗುಂಡಿ ಹಾಕಿಕೊಳ್ಳುತ್ತಾರೆ. ಕೆಳಗಿನಿಂದ ಮೇಲಕ್ಕೆ, ಒಂದೊಂದಾಗಿ, ಯಾವ ಅವಸರವೂ ಇಲ್ಲದೆ. ಬೂದುಬಣ್ಣದ ಆ ಉಣ್ಣೆಯ ಕೋಟು ಎದೆಯವರೆಗೆ ಮುಚ್ಚಿತೆಂದರೆ ಎದುರಿಗಿರುವವನು ಕ್ಷಮೆ ಕೇಳಲು ಇನ್ನೂ ಅವಕಾಶವಿದೆಯೆಂದು ಅರ್ಥ. ಗಂಟಲಿನ ಗುಂಡಿಯನ್ನೂ ಹಾಕಿಕೊಂಡರೆಂದರೆ ನಮ್ಮ ಧುರಾಖೇತದ ಪೇಟೆಬೀದಿಯಲ್ಲಿ ಮಿಠಾಯಿ ಅಂಗಡಿಯ ಮಾಧೋ ಸಿಂಗ್ ಸದ್ದಿಲ್ಲದೆ ಎದ್ದು ಅರ್ಧ ಬಾಗಿಲು ಎಳೆದುಕೊಳ್ಳುತ್ತಾನೆ.

ನೀರು ಸರಬರಾಜು ಕಚೇರಿಯಲ್ಲಿದ್ದು ನಿವೃತ್ತರಾದ ಜೀವ. ಹಿಮಶಿಖರಗಳಿಗೆ ಎದುರಾದ ಇಳಿಜಾರಿನ ಊರು ನಮ್ಮದು. ಅವರು ಅದನ್ನು ಓರೆಯಾಗಿ, ಎಡಮಂಡಿಯನ್ನು ಗಟ್ಟಿಯಾಗಿ ಬೈಯುತ್ತ ಇಳಿಯುತ್ತಾರೆ. ಹಿಂದೊಮ್ಮೆ ದೊಡ್ಡ ಅಧಿಕಾರಿಯೊಬ್ಬರು ತಮ್ಮ ಮನೆಯ ಮದುವೆಗೆ ಮೇಲ್ಕೇರಿಯ ಸರದಿಯ ನೀರನ್ನು ತಿರುಗಿಸಿ ಎಂದು ಅವರಿಗೆ ಹೇಳಿಕಳಿಸಿದ್ದರು. "ಮೇಲ್ಕೇರಿಯವರು ಮುಖ ತೊಳ್ಕೊಳ್ಲಿ, ಆಮೇಲೆ ಮದುವೆಗಂಡು ಸ್ನಾನ ಮಾಡ್ಲಿ" ಎಂದರು ಉಪ್ರೇತಿ. ಗಂಡು ಮೈಗೆಲ್ಲ ಅರಿಶಿನ ಮೆತ್ತಿಕೊಂಡು ಮಧ್ಯಾಹ್ನದವರೆಗೆ ಕೂತಿದ್ದ. ನಾವೆಲ್ಲ ಆ ಮದುವೆಯಲ್ಲಿ ಉಂಡು, ಅಲ್ಲಿ ಅಧಿಕಾರಿಯ ಪರವಾಗಿ ಮಾತಾಡಿ, ಮನೆಗೆ ಬಂದು ಉಪ್ರೇತಿಯವರ ಪರವಾಗಿ ನಕ್ಕೆವು.

ಹಾಡಿನ ವಿಷಯದಲ್ಲೂ ಅವರದು ಇದೇ ಸರದಿಯ ನ್ಯಾಯ. ನಮ್ಮ ಹೋಳಿ ಕೂತು ಹಾಡುವ ಹೋಳಿ. ಬಣ್ಣ ಅದಕ್ಕೆ ಬೀಳುವುದು ಕಟ್ಟಕಡೆಗೆ. ಪುಷ್ಯದ ಮೊದಲ ಭಾನುವಾರ, ಬೆರಳು ಸೆಟೆದುಕೊಳ್ಳುವ ಚಳಿಯಲ್ಲಿ, ಉಪ್ರೇತಿಯವರ ನಡುಕೋಣೆಯ ಅಗ್ಗಿಷ್ಟಿಕೆಯ ಸುತ್ತ ಕೂತು ವೈರಾಗ್ಯದ ಪದಗಳಿಂದ ಆರಂಭ. ವಸಂತಪಂಚಮಿ ಕಳೆದರೆ ಶೃಂಗಾರ. ಶಿವರಾತ್ರಿಯಾದ ಮೇಲಷ್ಟೇ ಬಣ್ಣ, ಅಬೀರಿನ ಪುಡಿ, ಗೋಪಿಯರ ಚೇಷ್ಟೆ. ಇನ್ನೊಂದು ನಿಯಮವುಂಟು, ಅದು ಇದಕ್ಕಿಂತ ಹಳೆಯದು. ಹಾಡುವವನು ಒಂದು ಸಾಲು ಎತ್ತಿ ನಿಲ್ಲಿಸುತ್ತಾನೆ. ಕೂತವರಲ್ಲಿ ಯಾರಾದರೂ ಅದನ್ನು ಹಿಡಿದು ಮುಂದುವರಿಸಬೇಕು. 'ಭಾಗ ಹಾಕುವುದು' ಎನ್ನುತ್ತೇವೆ. ಶ್ರುತಿ ತಪ್ಪಲಿ, ಕೆಮ್ಮು ಬರಲಿ, ಸಾಲು ಮಾತ್ರ ಅನಾಥವಾಗಿ ಗಾಳಿಯಲ್ಲಿ ನಿಲ್ಲಬಾರದು. ನಿಂತರೆ ಹಾಡಿದವನ ಮುಖಕ್ಕೆ ಬಾಗಿಲು ಹಾಕಿದಂತೆ. ಉಪ್ರೇತಿಯವರ ಸಾಲಿಗೆ ಭಾಗ ಹಾಕುವವರು ಪ್ರಯಾಗದತ್ತ ಲೋಹನಿ, ಲೋಹನಿಯವರ ಸಾಲಿಗೆ ಉಪ್ರೇತಿ. ಇಬ್ಬರಿಗೂ ಮೀಸೆ ಚಿಗುರಿದಂದಿನಿಂದ ಹೀಗೇ.

ಇಂಥ ಊರಿಗೆ ಮಾರ್ಗಶಿರದಲ್ಲಿ ಸಂಸ್ಕೃತಿಯಾತ್ರೆ ಬಂತು. ಉಪ್ರೇತಿಯವರ ಅಣ್ಣನ ಮಗ ತ್ರಿಲೋಚನ ಹೊಸದಾಗಿ ಅತಿಥಿಗೃಹ ತೆರೆದಿದ್ದ. ದಿಲ್ಲಿಯವರಿಗೆ ಎರಡು ರಾತ್ರಿಯಲ್ಲಿ ನಮ್ಮ ಸಂಸ್ಕೃತಿಯನ್ನು ಮುಗಿಸಿಕೊಡುವುದೆಂದು ಒಪ್ಪಿಕೊಂಡಿದ್ದ: ಬೆಳಗ್ಗೆ ಹಿಮಶಿಖರ, ಮಧ್ಯಾಹ್ನ ರಾಗಿರೊಟ್ಟಿ, ಸಂಜೆ ಹೋಳಿ. ಮಿಠಾಯಿ ಅಂಗಡಿಯ ಬೆಂಚಿನಲ್ಲಿ ಬೆಲ್ಲ ಕಚ್ಚಿಕೊಂಡು ಚಹಾ ಕುಡಿಯುತ್ತಿದ್ದ ಚಿಕ್ಕಪ್ಪನ ಬಳಿ ಅವನು ಬಹಳ ನಯವಾಗಿ ಬಂದು ಕೂತ.

"ಕಾಕಾ, ಶನಿವಾರ ಸಾಯಂಕಾಲ ಬರ್ತೀರಲ್ಲ? ಬಣ್ಣದ ಪದ ಎರಡು ಹಾಡಿದ್ರೆ ಸಾಕು."

"ಈಗ ಯಾವ ಮಾಸ?"

"ಮಾರ್ಗಶಿರ. ಅವರಿಗೇನು ಗೊತ್ತಾಗುತ್ತೆ ಬಿಡಿ."

"ಗೊತ್ತಾಗಲ್ಲ ಅಂತ ನಿಮ್ಮಪ್ಪನ ತಿಥೀನೂ ಅವರು ಬಂದಾಗಲೇ ಮಾಡಿಬಿಡ್ತೀಯೇನೋ?" ಮೊದಲ ಗುಂಡಿ.

ಮಾಧೋ ಸಿಂಗ್ ಕೌಂಟರಿನಿಂದ ಮಧ್ಯೆ ಬಾಯಿ ಹಾಕಿದ. "ಜೈವಲ್ಲಭ ದಾ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ. ವೈರಾಗ್ಯ ಹಾಡಿದ್ರೆ ಪಾಪ ಅವರು ನಿದ್ದೆ ಹೋಗ್ತಾರೆ."

"ಹೋಗ್ಲಿ. ಮಲಗೋಕೆ ತಾನೇ ಇವನು ಕೋಣೆ ಕಟ್ಟಿರೋದು?"

ತ್ರಿಲೋಚನ ಎದ್ದ. "ನೀವು ಬರ್ದೇ ಇದ್ರೆ ಬೇಡ ಬಿಡಿ. ಪ್ರಯಾಗ್ ಕಾಕಾ ಒಪ್ಪಿದಾರೆ."

ಉಪ್ರೇತಿ ಗಂಟಲಿನ ಗುಂಡಿಯನ್ನೂ ಹಾಕಿಕೊಂಡರು. ಅಂಗಡಿಯ ಬಾಗಿಲೂ ಅರ್ಧ ಮುಚ್ಚಿತು.

ಉಪ್ರೇತಿ ಹೋಗಿ ಕೇಳಿದಾಗ ಪ್ರಯಾಗದತ್ತರು ಅಲ್ಲಗಳೆಯಲಿಲ್ಲ. "ನಮ್ಮೂರವರು ಬಿಟ್ರೆ ನಮ್ಮನ್ನ ಯಾರು ಕೇಳಿದಾರೆ, ಜೈವಲ್ಲಭ? ಗಂಟಲು ಪೂರ್ತಿ ಹೋಗೋಕೆ ಮುಂಚೆ ಒಂದ್ಸಲ ಹೊರಗಿನವರೂ ಕೇಳ್ಲಿ" ಎಂದರು. ಅದು ಮೆತ್ತಗೆ ಆಡಿದ ಮಾತು. ಉಪ್ರೇತಿಯವರಿಗೆ ಮೆತ್ತಗಿನ ಮಾತಿಗೆ ಉತ್ತರ ಕೊಟ್ಟು ಅಭ್ಯಾಸವಿರಲಿಲ್ಲ. ಮಂಡಿಯನ್ನು ಬೈದುಕೊಂಡು ಮನೆಗೆ ಹೋದರು.

ಶನಿವಾರ ಸಂಜೆ ಗಂಟಲಿನವರೆಗೂ ಗುಂಡಿ ಹಾಕಿಕೊಂಡು ಅವರೂ ಅತಿಥಿಗೃಹಕ್ಕೆ ಹೋದರು, ಬೈಯುವುದಕ್ಕೆಂದೇ. ಹೋಗಿ ನೋಡಿದರೆ ಸಾಲುಸಾಲು ಕುರ್ಚಿ. ಬಾಗಿಲ ಬಳಿ ನೆಲದ ಮೇಲೆ ಕೂತ ಏಕೈಕ ಶ್ರೋತೃ ಉಪ್ರೇತಿಯವರೇ. ಎದುರಿಗೆ ಮಣೆಯಂಥ ವೇದಿಕೆಯ ಮೇಲೆ ಪ್ರಯಾಗದತ್ತರು ಹಾರ್ಮೋನಿಯಂ ಎಳೆದುಕೊಂಡು ಬಣ್ಣದ ಪದ ಎತ್ತಿದರು. ಎಷ್ಟೋ ವರ್ಷಗಳಿಂದ ನಾವು ಅವರಲ್ಲಿ ಕೇಳಿರದಷ್ಟು ತುಂಬಿದ ಕಂಠ! ಅಂಗಳದಲ್ಲಿ ಬಣ್ಣದ ಹೊಳೆ ಹರಿಸಿದವರಾರು ಎಂಬಲ್ಲಿಗೆ ಸಾಲನ್ನು ಮೇಲಕ್ಕೊಯ್ದು, ರೂಢಿಯಂತೆ, ನಿಲ್ಲಿಸಿದರು.

ಯಾರೂ ಹಿಡಿಯಲಿಲ್ಲ. ಕುರ್ಚಿಗಳಲ್ಲಿ ಮೊಬೈಲುಗಳು ಮೇಲೆದ್ದಿದ್ದವು. ನಾವು ಊರವರು ಕೆಲವರು ಗೋಡೆಗೊರಗಿ ನಿಂತಿದ್ದೆವು. ಅದು ಉಪ್ರೇತಿಯವರ ಪಾಲಿನ ಸಾಲೆಂದು ಅವರ ಮುಖ ನೋಡಿದೆವು. ಅವರ ಎದೆ ಉಸಿರು ತುಂಬಿಕೊಂಡು ಏರಿದ್ದು ಕಂಡಿತು. ದವಡೆ ಬಿಗಿದದ್ದೂ ಕಂಡಿತು. ಮಾರ್ಗಶಿರ! ಅವರು ಹಾಡಲಿಲ್ಲ. ಪದ ಮುಗಿಯಿತೆಂದುಕೊಂಡ ಅತಿಥಿಗಳು ಚಪ್ಪಾಳೆ ತಟ್ಟಿದರು. ಯಾರೋ ಒಂದು ಹಿಡಿ ಅಬೀರನ್ನೂ ಎರಚಿದರು. ಪ್ರಯಾಗದತ್ತರು ಬಾಗಿಲ ಕಡೆ ಒಮ್ಮೆ ನೋಡಿ, ಹಾರ್ಮೋನಿಯಂ ಮುಚ್ಚಿದರು.

ಉಪ್ರೇತಿ ಎದ್ದುನಿಂತರು. "ಯಾಕ್ರೀ ಚಪ್ಪಾಳೆ? ಅವನು ಮುಗಿಸಿದ್ನಾ? ಹೊಳೇಲಿ ಮುಳುಗ್ತಿರೋನು ಕೈ ಚಾಚಿದ್ರೂ ಹೀಗೇ ತಟ್ತೀರಾ?"

ಮುಂದಿನ ಸಾಲಿನಲ್ಲಿದ್ದ ಹೆಂಗಸೊಬ್ಬರು ಗಾಬರಿಯಿಂದ ತಿರುಗಿದರು. "ಕ್ಷಮಿಸಿ, ನಮಗೆ ಗೊತ್ತಿರ್ಲಿಲ್ಲ. ಆದ್ರೆ ನಿಮಗೆ ಗೊತ್ತಿತ್ತಲ್ಲ? ನೀವ್ಯಾಕೆ ಹಾಡ್ಲಿಲ್ಲ?"

ಉಪ್ರೇತಿಯವರ ಕೈ ಕೋಟಿನತ್ತ ಹೋಯಿತು. ಹಾಕಿಕೊಳ್ಳಲು ಗುಂಡಿಗಳು ಉಳಿದಿರಲಿಲ್ಲ.

ಪುಷ್ಯದ ಭಾನುವಾರ ನಡುಕೋಣೆ ಕಿಕ್ಕಿರಿದಿತ್ತು. ಚಹಾ ಬಂತು, ಬೆಲ್ಲ ಬಂತು, ಒಗ್ಗರಣೆಯ ಆಲೂಗಡ್ಡೆ ಬಂತು, ಪ್ರಯಾಗದತ್ತರು ಬರಲಿಲ್ಲ. ಉಪ್ರೇತಿಯವರು ವೈರಾಗ್ಯದ ಪದ ಎತ್ತಿ, ದಡ ಕಾಣದ ನೀರು ಎಂಬಲ್ಲಿ ಸಾಲನ್ನು ನಿಲ್ಲಿಸಿದರು. ಅಷ್ಟು ಜನರಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಅದು ಪ್ರಯಾಗದತ್ತರ ಜಾಗ. ಅಲ್ಲಿ ಹೋಗಿ ನಿಲ್ಲುವ ಧೈರ್ಯ ನಮಗೆಲ್ಲಿಯದು?

"ನಿಮ್ಮ ನಾಲಿಗೆಗೆಲ್ಲ ಮಂಜು ಬಿತ್ತಾ?" ಎಂದು ಗದರಿ ಅವರು ಎದ್ದು ಹೊರಟೇಬಿಟ್ಟರು. ಕೆಳಗಿನ ಕೇರಿಯಲ್ಲಿ ಪ್ರಯಾಗದತ್ತರ ಕಿಟಕಿಯ ಕೆಳಗೆ ನಿಂತು, ಊರಿಗೆ ಊರೇ ಕೇಳುವಂತೆ ಕೂಗಿದರು.

"ಪ್ರಯಾಗ! ಇಳಿದು ಬಾ!"

ಕಿಟಕಿ ಬೆರಳಷ್ಟು ತೆರೆಯಿತು. "ಯಾಕೆ? ಮಾರ್ಗಶಿರ ಮುಗೀತಾ?"

"ಮುಗೀತು. ನೀನು ಮಾಡಿದ್ದು ತಪ್ಪು."

"ಮತ್ತೆ ನೀನು ಮಾಡಿದ್ದು?"

ಅಕ್ಕಪಕ್ಕದ ಕಿಟಕಿಗಳೂ ತೆರೆದವು. ಉಪ್ರೇತಿಯವರ ಮುಖ ಕೆಂಪಾಯಿತು. ಅವರು ಬೈಯುವ ದನಿಯಲ್ಲೇ ಅರಚಿದರು: "ನಂದು ಇನ್ನೂ ದೊಡ್ಡ ತಪ್ಪು! ಸಾಕಾ? ಈಗ ಇಳಿ ಕತ್ತೆ, ಅಲ್ಲಿ ಸಾಲು ನಿಂತಿದೆ!"

ಪ್ರಯಾಗದತ್ತರು ಶಾಲು ಹೊದ್ದು ಇಳಿದು, ಅವರತ್ತ ತಿರುಗಿಯೂ ನೋಡದೆ ಮುಂದೆಮುಂದೆ ನಡೆದು ಬಂದು ತಮ್ಮ ಜಾಗದಲ್ಲಿ ಕೂತರು. "ಎಲ್ಲಿ ನಿಂತಿತ್ತು?" ಎಂದು ನಮ್ಮನ್ನು ಕೇಳಿದರು. ಹೇಳಿದೆವು. ಭಾಗ ಹಾಕಿದರು.

ಇಬ್ಬರೂ ಇಂದಿಗೂ ಮಾತಾಡುವುದಿಲ್ಲ, ಹಾಡುತ್ತಾರೆ. ತ್ರಿಲೋಚನ ಮುಂದಿನ ಮಾರ್ಗಶಿರಕ್ಕೂ ಅತಿಥಿಗಳನ್ನು ಗೊತ್ತುಮಾಡಿದ್ದಾನೆ. ಊರು ಎಂದಿನಂತೆ ಹೂಂ ಎಂದಿದೆ.

ಇಂಥ ಮುಂಗೋಪಿಗಳು ಊರಿಗೊಬ್ಬರಾದರೂ ಇರುತ್ತಾರೆ, ಊರು ಅವರನ್ನು ನೋಡಿ ನಗುತ್ತದೆ. ಬಂದವರಿಗೆಲ್ಲ ಬಾಗಿಲು ತೆರೆದು, ಕೇಳಿದ್ದನ್ನೆಲ್ಲ ಕೊಟ್ಟು, ಎಂಥ ಸಜ್ಜನರಪ್ಪ ಈ ಬೆಟ್ಟದ ಜನ ಎಂಬ ಪ್ರಶಸ್ತಿಯನ್ನು ನಾವು ಹಲ್ಲು ಕಿರಿದು ಸ್ವೀಕರಿಸುತ್ತೇವೆ. ನಾವೆಲ್ಲ ಸೇರಿ ಪಡಬೇಕಾದ ಸಿಟ್ಟನ್ನು ಒಬ್ಬನೇ ಮೈಮೇಲೆ ಹೊತ್ತು, ಅದರ ಭಾರಕ್ಕೆ ಕಾಲು ತಪ್ಪಿ, ತಪ್ಪನ್ನೂ ಬೀದಿಯಲ್ಲಿ ಕೂಗಿ ಒಪ್ಪಿಕೊಂಡು ಹೋಗುವವನೊಬ್ಬ ಇರುವುದರಿಂದಲೇ ನಮ್ಮ ಸಜ್ಜನಿಕೆಗೆ ಇಷ್ಟು ಬಿಡುವು. ಗೋಡೆಗೊರಗಿ ನಿಂತು ಅವನ ಮುಖ ನೋಡುವುದೊಂದನ್ನು ಬಿಟ್ಟು ನಾವು ಇನ್ನೇನನ್ನೂ ಕಲಿತಿಲ್ಲ.