ಫ್ರಿಜ್ಜಿನೊಳಗಿನ ಕೀ

"ಗಾಳಿಗೆ ಹಾರಿಹೋಗೋಕೆ ಅದೇನು ಹತ್ತಿನಾ? ಸ್ಕೂಟರ್ ಕೀ ಕಣೇ!" ಎನ್ನುತ್ತ ಸಹಾಯಕ ನಿರ್ದೇಶಕ ಮತ್ತೊಮ್ಮೆ ಸೋಫಾದ ದಿಂಬು ಕೊಡವಿದ. ತಲೆ ನರೆತರೂ ಸಿನಿಮಾದಲ್ಲಿ ಸಹಾಯಕನಾಗಿಯೇ ಉಳಿದಿದ್ದ ಅವನಿಗೆ ಕಳೆದದ್ದನ್ನು ಹುಡುಕುವುದು ಹೊಸದಲ್ಲ. ಸೆಟ್ಟಿನಲ್ಲಿ ನಾಯಕನ ಕನ್ನಡಕದಿಂದ ಹಿಡಿದು ನಾಯಕಿಯ ನಾಯಿಯವರೆಗೆ ಎಲ್ಲವನ್ನೂ ಹುಡುಕಿ ತಂದವನು. ತನ್ನ ಮನೆಯಲ್ಲಿ ತನ್ನದೇ ಕೀ ಸಿಗುತ್ತಿಲ್ಲವೆಂದರೆ ಮೈಯೆಲ್ಲ ಉರಿಯದೆ ಇನ್ನೇನು?

ಮಧ್ಯಾಹ್ನದೊಳಗೆ ಮಗಳನ್ನು ಕರೆದುಕೊಂಡು ಸಿನಿಮಾ ಕಾಲೇಜಿಗೆ ಹೋಗಬೇಕಿತ್ತು. ನಿರ್ದೇಶನದ ಡಿಗ್ರಿಗೆ ಅವಳಿಗೆ ಸೀಟು ಸಿಕ್ಕಿತ್ತು. ತನಗೆ ಸಿಗದ ಕುರ್ಚಿ ಮಗಳಿಗೆ ಸಿಗುತ್ತದೆಂದು ಅವನು ವಾರದಿಂದ ನೆಲದ ಮೇಲೆ ನಡೆದಿರಲಿಲ್ಲ. ಆ ಹುಡುಗಿಯೋ, ನನಗೆ ಸೌಂಡ್ ಡಿಗ್ರಿಯೇ ಬೇಕು ಎಂದು ಹಟ ಹಿಡಿದಿದ್ದಳು. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ!

"ಭಾವ, ನನ್ನ ಮಾತು ಕೇಳಿ" ಎಂದ ಹೆಂಡತಿಯ ತಮ್ಮ. ಬ್ಯಾಂಕಿನವನು, ರಜೆ ಹಾಕಿ ಬುದ್ಧಿ ಹೇಳಲು ಬಂದಿದ್ದ. "ಮೊದ್ಲು ಬಿ.ಕಾಂ ಮುಗಿಸ್ಲಿ. ಆಮೇಲೆ ಸಿನಿಮಾನೋ ಸರ್ಕಸ್ಸೋ, ಏನ್ ಬೇಕಾದ್ರೂ ಮಾಡ್ಲಿ."

"ನೀನು ಸ್ವಲ್ಪ ಕಾಲೆತ್ತು. ಸೋಫಾ ಕೆಳಗೆ ನೋಡ್ಬೇಕು."

ಮಗಳು ಕಿಟಕಿಯ ಪಕ್ಕದಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದಳು. ಬೆಳಿಗ್ಗೆಯಿಂದ ಹಾಗೆಯೇ ಕೂತಿದ್ದಳು. ಅಪ್ಪ ನಿರ್ಮಾಪಕರೊಬ್ಬರಿಗೆ ಫೋನಿನಲ್ಲಿ ತನ್ನ ಸಿನಿಮಾ ಕಥೆ ಹೇಳುವಾಗಲೂ ಅದನ್ನು ತೆಗೆದಿರಲಿಲ್ಲ. ಎಷ್ಟೋ ವರ್ಷದಿಂದ ಎದೆಯಲ್ಲಿಟ್ಟುಕೊಂಡ ಕಥೆ ಅದು. "ಪೂರ್ತಿ ಕೇಳಿದ್ರಾ?" ಎಂದು ಹೆಂಡತಿ ಬಾಗಿಲಲ್ಲೇ ನಿಂತು ಕೇಳಿದ್ದಳು. "ಪೂರ್ತಿ! ಕೊನೇಲಿ ಕಣ್ಣಲ್ಲಿ ನೀರು ಬಂತಂತೆ" ಎಂದಿದ್ದ. ಆ ಮಾತು ಮುಗಿಯುತ್ತಲೇ ಡಿಗ್ರಿಯ ಜಗಳ ಶುರುವಾಗಿತ್ತು.

"ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ!" ಎಂದು ಅವನು ಮಗಳ ಕಡೆ ತಿರುಗಿದ. "ನಾಲ್ಕು ಜನರ ಮುಂದೆ 'ಆ್ಯಕ್ಷನ್' ಅನ್ನೋದು ಬಿಟ್ಟು, ಕೋಲಿಗೆ ಮೈಕ್ ಕಟ್ಕೊಂಡು ಮೂಲೇಲಿ ನಿಲ್ತೀಯಾ? ಹೆಸರು ಪರದೆ ಮೇಲೆ ಬರೋ ಹೊತ್ತಿಗೆ ಜನ ಎದ್ದು ಹೋಗಿರ್ತಾರೆ!"

ಅಷ್ಟರಲ್ಲಿ ಹಾಲ್‌ನ ಮೂಲೆಯಿಂದ ಹೆಂಡತಿಯ ಕೂಗು ಕೇಳಿತು. "ಅಯ್ಯೋ, ಫ್ರಿಜ್ಜಿಂದ ನೀರು ಸುರೀತಿದೆ! ಲೈಟೂ ಇಲ್ಲ. ರೀ, ಇಲ್ನೋಡಿ, ಮೊಸರಿನ ಪಾತ್ರೆ ಪಕ್ಕದಲ್ಲಿ ನಿಮ್ಮ ಕೀ!"

ಬ್ಯಾಂಕಿನವನು ಗೊಳ್ಳೆಂದು ನಕ್ಕ. ಸಹಾಯಕ ನಿರ್ದೇಶಕ ನಗಲಿಲ್ಲ. ಮನೆಯೊಳಗೆ ಶೂಟಿಂಗ್ ಇದ್ದಾಗ ಸೌಂಡಿನವರು ಇದನ್ನು ಮಾಡುವುದನ್ನು ಅವನು ನೂರಾರು ಸಲ ನೋಡಿದ್ದ. ಫ್ರಿಜ್ಜಿನ ಗುಂಯ್ ಸದ್ದು ಮಾತಿನ ಜೊತೆ ಸೇರಬಾರದೆಂದು ಅದನ್ನು ಆರಿಸುತ್ತಾರೆ. ಮತ್ತೆ ಹಾಕಲು ಮರೆಯಬಾರದೆಂದು ತಮ್ಮ ಗಾಡಿಯ ಕೀಯನ್ನು ಅದರೊಳಗೇ ಇಡುತ್ತಾರೆ. ಕೀ ಇಲ್ಲದೆ ಮನೆಗೆ ಹೋಗುವಂತಿಲ್ಲವಲ್ಲ.

"ಏನು ರೆಕಾರ್ಡ್ ಮಾಡಿದೆ?" ಎಂದ.

ಮಗಳು ಹೆಡ್‌ಫೋನ್ ತೆಗೆದಳು. "ಬೆಳಿಗ್ಗೆ ನೀನು ಕಥೆ ಹೇಳಿದ್ದು. ಆಮೇಲೆ ಜಗಳದಲ್ಲಿ ಕೀ ಮರ್ತೇಹೋಯ್ತಪ್ಪ."

"ಕೊಡಿಲ್ಲಿ."

ಕಿವಿಗೆ ಇಟ್ಟುಕೊಂಡ. ತನ್ನ ದನಿ ಇಷ್ಟು ಚೆನ್ನಾಗಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ಫ್ಯಾನಿಲ್ಲ, ಬೀದಿಯಿಲ್ಲ, ಬರೀ ಕಥೆ. ಮಧ್ಯಂತರದ ದೃಶ್ಯ ಬಂತು. ಆಗ ಫೋನಿನ ಆ ಕಡೆಯಿಂದ "ಆಮೇಲೆ ಮಾತಾಡೋಣ" ಎಂದು ಯಾರೋ ಗೊಣಗಿದ್ದು, ಲೈನು ಕಟ್ಟಾದ ಸಣ್ಣ ಟುಂಯ್ ಸದ್ದು, ಎರಡೂ ಸೂಜಿಯಷ್ಟು ಸ್ಪಷ್ಟವಾಗಿ ಕೇಳಿದವು. ಅದರ ಹಿಂದೆಯೇ ಬಾಗಿಲ ಬಳಿ ಹೆಂಡತಿಯ ಬಳೆ ಸದ್ದು. ಒಂದು ಉಸಿರಿನಷ್ಟು ಮೌನ. ಮತ್ತೆ ಅವನದೇ ದನಿ, ಮೊದಲಿಗಿಂತ ಜೋರಾಗಿ, ಸತ್ತ ಫೋನಿಗೆ ಕೊನೆಯವರೆಗೂ ಕಥೆ ಹೇಳುತ್ತಿತ್ತು.

ಅವನು ಹೆಡ್‌ಫೋನ್ ಮೆಲ್ಲಗೆ ಕೆಳಗಿಳಿಸಿದ. ಅದನ್ನು ಮಗಳು ಅಲ್ಲೇ ಕೂತು ಕೇಳಿದ್ದಾಳೆ. ಅವನು ಸುಳ್ಳು ಹೇಳಿದಾಗಲೂ, ಬೈದಾಗಲೂ ಬಾಯಿ ಬಿಟ್ಟಿಲ್ಲ.

"ಏನ್ರೀ ಅದರಲ್ಲಿ?" ಎಂದಳು ಹೆಂಡತಿ.

"ಕಥೆ" ಎಂದ. "ಚೆನ್ನಾಗಿ ಬಂದಿದೆ."

ಮಗಳು ನೆಲ ಒರೆಸುತ್ತ ತಲೆಯೆತ್ತದೆ ಕೇಳಿದಳು. "ಅಳಿಸ್ಲಾಪ್ಪ?"

"ಬೇಡ. ಕೊನೇವರೆಗೂ ಕೇಳಿದವಳು ನೀನೊಬ್ಬಳೇ."

"ಹಾಗಾದ್ರೆ ಬಿ.ಕಾಂ...?" ಎಂದ ಬ್ಯಾಂಕಿನವನು, ಇನ್ನೂ ಕಾಲೆತ್ತಿಕೊಂಡೇ.

"ಸೌಂಡು. ನೀನು ಕಾಲು ಕೆಳಗಿಡು ಮಾರಾಯ."

ಅಪ್ಪ ಮಗಳು ಮೆಟ್ಟಿಲಿಳಿದರು. ಅರ್ಧಕ್ಕೆ ಬಂದವಳು "ಅಯ್ಯೋ, ಸ್ವಿಚ್ಚು!" ಎಂದು ಮೇಲಕ್ಕೆ ಓಡಿದಳು. ಅವನು ಅಲ್ಲೇ ನಿಂತ. ಮುಷ್ಟಿಯೊಳಗಿನ ಕೀ ಇನ್ನೂ ತಣ್ಣಗಿತ್ತು. ಮೇಲೆ ಟಕ್ಕೆಂದಿತು. ತೆರೆದ ಬಾಗಿಲಿನಿಂದ ಫ್ರಿಜ್ಜು ಗುಂಯ್‌ಗುಡತೊಡಗಿತು. ಇಷ್ಟು ವರ್ಷ ಆ ಮನೆಯಲ್ಲಿದ್ದೂ ಆ ಸದ್ದನ್ನು ಅವನು ಕೇಳಿರಲಿಲ್ಲ.