ನಾವು ಶ್ರೀಮಂತರಾದ ವರ್ಷ

ಗಾಜಿನ ಕಾರ್ಖಾನೆ ಮುಚ್ಚಿ ಹತ್ತು ಹನ್ನೆರಡು ವರ್ಷವಾದ ಮೇಲೆ ನಮ್ಮ ಊರು ಶ್ರೀಮಂತವಾಯಿತು. ನಮಗಂತೂ ಗೊತ್ತೇ ಆಗಿರಲಿಲ್ಲ. ಅಂಕಿಅಂಶ ಇಲಾಖೆಯ ಅಧಿಕಾರಿ ಪಾಪ ಅಷ್ಟು ದೂರದಿಂದ ಬಂದು, ಸಭೆ ಕರೆದು ತಿಳಿಸಿದರು.

"ನಿಮ್ಮ ತಲಾ ವರಮಾನ ದುಪ್ಪಟ್ಟಾಗಿದೆ. ಅಭಿನಂದನೆ!"

ಕ್ಷೌರದಂಗಡಿಯವನು ಜೇಬು ಮುಟ್ಟಿ ನೋಡಿಕೊಂಡ. "ಯಾವ ತಲೆ ಸಾರ್? ನನ್ನ ಕೈಗೆ ಬರೋವೆಲ್ಲ ಬೋಳು ತಲೆ, ಅವೂ ಸಾಲ ಹೇಳ್ತಾವೆ."

ಅಧಿಕಾರಿ ತಾಳ್ಮೆಯಿಂದ ಬಿಡಿಸಿ ಹೇಳಿದರು. ಕೆಲಸ ಹೋದವರಲ್ಲಿ ಅರ್ಧದಷ್ಟು ಜನ ಊರು ಬಿಟ್ಟಿದ್ದರು. ಕೆಲವರು ಲೋಕವನ್ನೇ ಬಿಟ್ಟು ಸಹಕರಿಸಿದ್ದರು. ಸಾಲದ್ದಕ್ಕೆ, ಕಾರ್ಖಾನೆ ಮುಚ್ಚಿದ ಯಜಮಾನರೇ ಹೋದ ವರ್ಷ ಗುಡ್ಡದ ಮೇಲಿನ ಬಂಗಲೆಗೆ ಬಂದು ನೆಲೆಸಿದ್ದರು. ಅವರ ವರಮಾನವನ್ನು ನಮಗೆಲ್ಲ ಸಮನಾಗಿ ಹಂಚಲಾಗಿತ್ತು, ಕಾಗದದ ಮೇಲೆ.

"ಹಾಗಾಗಿ ಬಡ ಊರುಗಳಿಗೆ ಕಳಿಸುವ ನರ್ಸ್ ಇನ್ನು ಇಲ್ಲಿಗೆ ಬರೋದಿಲ್ಲ."

ನಾನು ಅಕ್ಕನ ಮುಖ ನೋಡಿದೆ. ಸಕ್ಕರೆ ಕಾಯಿಲೆಯಿಂದ ಅವಳ ಪಾದ ಹುಣ್ಣಾಗಿತ್ತು. ನರ್ಸ್ ದಿನ ಬಿಟ್ಟು ದಿನ ಬಂದು ಪಟ್ಟಿ ಬದಲಿಸುತ್ತಿದ್ದಳು; ತಣ್ಣಗಿನ ಕೈಯನ್ನು ಮೊದಲು ತನ್ನ ಕುತ್ತಿಗೆಗೆ ಒತ್ತಿ ಬೆಚ್ಚಗೆ ಮಾಡಿಕೊಂಡೇ ಅಕ್ಕನನ್ನು ಮುಟ್ಟುತ್ತಿದ್ದಳು. ಆರೈಕೆ ತಪ್ಪಿದರೆ ಪಾದ ತೆಗೆಯಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು.

"ಯಜಮಾನ್ರನ್ನ ಊರು ಬಿಡಿಸಿದ್ರೆ ನಾವೆಲ್ಲ ಮತ್ತೆ ಬಡವರಾಗ್ಬಹುದು," ಎಂದ ಕ್ಷೌರದಂಗಡಿಯವನು, ಬಹಳ ಆಸೆಯಿಂದ.

ತರಕಾರಿ ವ್ಯಾನಿನಲ್ಲಿ ಮೂವರೂ ಗುಡ್ಡ ಹತ್ತಿದೆವು. ಬಾಗಿಲು ತೆರೆದವರು ಯಜಮಾನರೇ. ಸ್ವೆಟರಿನ ಗುಂಡಿಗಳು ಏರುಪೇರಾಗಿದ್ದವು. ತಾವೇ ಒಂದು ಸ್ಟೂಲು ಎಳೆದು, ಮೇಲೆ ತಮ್ಮ ತಲೆದಿಂಬು ಇಟ್ಟು, ಅಕ್ಕನ ಕಾಲನ್ನು ಎತ್ತಿ ಇರಿಸಿದರು. ಚಹಾ ತಂದು, "ನಿಮಗೆ ಸಕ್ಕರೆ ಹಾಕಿಲ್ಲಮ್ಮ, ಪಟ್ಟಿ ನೋಡ್ದೆ," ಎಂದರು.

ಕ್ಷೌರದಂಗಡಿಯವನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಭಾಷಣ ಚಹಾದ ಜೊತೆ ಗಂಟಲಲ್ಲಿ ಇಳಿದುಹೋಯಿತು. ಅಕ್ಕನಿಗೆ ಅಂಥ ತೊಂದರೆಯಿಲ್ಲ.

"ಯಜಮಾನ್ರೇ, ನಿಮ್ಮಿಂದ ನಾವು ಶ್ರೀಮಂತರಾಗಿದ್ದೀವಂತೆ. ನನ್ನ ಕಾಲು ಹೋಗುತ್ತೆ. ಒಂದೋ ನೀವು ಬಡವರಾಗಿ, ಇಲ್ಲಾ ಊರು ಬಿಡಿ."

ವಿಷಯ ಪೂರ್ತಿ ಕೇಳಿ ಅವರು ನಕ್ಕರು. "ಬಡವನಾಗೋಕೆ ಅಭ್ಯಾಸ ಇಲ್ಲಮ್ಮ. ನರ್ಸ್ ಸಂಬಳ ನಾನೇ ಕೊಡ್ಲಾ?"

ನನಗೆ ಜೀವ ಬಂದಂತಾಯಿತು. ಅಕ್ಕ ತಲೆಯಾಡಿಸಿದಳು. "ಬೇಡಪ್ಪಾ. ನಿಮ್ಮ ಸಂಬಳ ನಂಬ್ಕೊಂಡು ಒಂದ್ಸಲ ಇಡೀ ಊರೇ ಬೀದಿಗೆ ಬಿತ್ತು. ನಾಳೆ ನೀವು ಕಣ್ಮುಚ್ಚಿದ್ರೆ ನಿಮ್ಮ ಮಕ್ಕಳು ನನ್ನ ಕಾಲು ನೋಡ್ತಾರಾ?"

ಯಜಮಾನರು ಕಪ್ಪನ್ನು ಕೆಳಗಿಟ್ಟರು. "ಮಗಳು ಕರೀತಾನೇ ಇದ್ದಾಳೆ. ಅವಳೂರಲ್ಲಿ ನಾನು ಯಾರು ಅಂತಾನೇ ಯಾರಿಗೂ ಗೊತ್ತಿಲ್ಲ. ಇಲ್ಲಾದ್ರೆ ಬೀದೀಲಿ ಕಂಡಾಗ ಬಯ್ಯೋಕಾದ್ರೂ ನಾಲ್ಕು ಜನ ಇದ್ದಾರೆ."

ಅಕ್ಕ ದಿಂಬಿನ ಮೇಲಿಂದ ಕಾಲು ಇಳಿಸಿದಳು. "ಭಾನುವಾರ ಭಾನುವಾರ ಬನ್ನಿ. ನಾನು ಬಯ್ತೀನಿ."

ತಿಂಗಳೊಳಗೆ ಅವರು ಮಗಳ ಮನೆ ಸೇರಿದರು. ಯಾರ ಜೇಬಿನಿಂದಲೂ ಬಿಡಿಗಾಸು ಹೋಗದೆ, ನಾವೆಲ್ಲ ಒಟ್ಟಿಗೆ ಬಡವರಾದೆವು. ನರ್ಸ್ ಉಳಿದಳು, ಹುಣ್ಣು ಮಾಯುತ್ತಿದೆ.

ಭಾನುವಾರ ಅವರ ಕಾರು ನಮ್ಮ ಬಾಗಿಲಿಗೆ ಬರುತ್ತದೆ. ಮುಚ್ಚಿದ ಕಾರ್ಖಾನೆಯಿಂದ ಹಿಡಿದು ಬಾಕಿ ಉಳಿದ ಬೋನಸ್ಸಿನವರೆಗೆ ಅಕ್ಕ ಒಂದನ್ನೂ ಬಿಡದೆ ಬಯ್ಯುತ್ತಾಳೆ. ಅವರು ತಲೆ ತಗ್ಗಿಸಿ ಕೇಳುತ್ತಾರೆ. ಆಮೇಲೆ ಇನ್ನೊಂದು ಲೋಟ ಚಹಾ ಕೇಳುತ್ತಾರೆ.